ನೆಲೆಕಂಕಣ

ಡಾಕ್ಟರ್ ಹೆಲ್ಗಾ ಗುಂಡಿ ಒತ್ತಿದೊಡನೆ ನಾಗವೇಣಿಯ ಮಣಿಕಟ್ಟಿನಲ್ಲಿದ್ದ ನೆಲೆಕಂಕಣ ಒಮ್ಮೆ ಮಿಡಿದು ಹಸಿರು ಬೆಳಕು ಬೀರಿತು.

“ಇದು ನನ್ನ ಮನಸ್ಸನ್ನು ಓದುತ್ತದೆಯೇ?” ನಾಗವೇಣಿ ಅಳುಕುತ್ತ ಕೇಳಿದಳು.

“ಎಲ್ಲವನ್ನೂ ಅಲ್ಲ,” ಎಂದರು ಅದನ್ನು ರೂಪಿಸಿದ ಆ ವಿಜ್ಞಾನಿ. “ತಾನಾಗಿ ಊರು ಬಿಡುವ ಯೋಚನೆ ಬಲಿತಾಗ ನರಗಳಲ್ಲಿ ಒಂದು ಕಂಪನ ಹುಟ್ಟುತ್ತದೆ. ಅದಕ್ಕೆ ನಿರ್ಗಮನ ತರಂಗ ಎನ್ನುತ್ತೇವೆ. ಕಂಕಣ ಅದನ್ನು ಗುರುತಿಸಿ ಕೆಂಪಾಗುತ್ತದೆ. ಆಮೇಲೆ ನನ್ನ ಕೈಯಲ್ಲೂ ಏನೂ ಇರುವುದಿಲ್ಲ.”

ನೋರ್ಡಾಲ್ ಎಂಬ ಆ ಹಿಮಪ್ರಾಂತ್ಯದಲ್ಲಿ ಜನ ಕಡಿಮೆ, ಕೆಲಸ ಬಹಳ. ಪ್ರಾಂತ್ಯವು ಕುಶಲ ಕೆಲಸಗಾರರನ್ನು ಆರಿಸಿ ಶಿಫಾರಸು ಮಾಡಿದರೆ ದೇಶ ಅವರಿಗೆ ಕಾಯಂ ವಾಸದ ಹಕ್ಕು ಕೊಡುತ್ತಿತ್ತು. ಆದರೆ ಹಕ್ಕು ಸಿಕ್ಕವರು ದಕ್ಷಿಣದ ದೊಡ್ಡ ನಗರಗಳಿಗೆ ಜಾರಿಕೊಳ್ಳುತ್ತಿದ್ದರು. ಅದನ್ನು ತಡೆಯಲೆಂದೇ ಕಂಕಣ ಬಂದಿತ್ತು. ಕೆಂಪಾದರೆ ಇಡೀ ಕುಟುಂಬ ತಾಯ್ನಾಡಿಗೆ ವಾಪಸು.

ವಾಪಸು ಎಂಬ ಮಾತಿಗೇ ನಾಗವೇಣಿ ನಡುಗುತ್ತಿದ್ದಳು. ರಾಯಚೂರಿನ ಬೇಸಿಗೆ ಈಗ ಮನುಷ್ಯರು ತಾಳುವಂತಿರಲಿಲ್ಲ. ಮಗಳು ಶಾಲೆಯ ಅಂಗಳದಲ್ಲೇ ಬಿಸಿಲಿಗೆ ಕುಸಿದು, ಆಸ್ಪತ್ರೆಯಲ್ಲಿ ಕಣ್ಣು ಬಿಡಲು ಎರಡು ದಿನ ಹಿಡಿದಿತ್ತು. ಹಾಗಾಗಿ ಇಲ್ಲಿ ನಾಗವೇಣಿ, ಕಂಕಣ ಕೆಂಪಾದೀತೆಂದು, ತನ್ನ ಊರನ್ನು ನೆನೆಯುವುದನ್ನೇ ಬಿಟ್ಟಳು. ತಾಯಿಯ ಫೋನು ಬಂದರೆ ಬೇಗ ಇಟ್ಟುಬಿಡುತ್ತಿದ್ದಳು. ಎದುರುಮನೆಯ ಕುಟುಂಬವನ್ನು ಒಂದು ಬೆಳಿಗ್ಗೆ ಅಧಿಕಾರಿಗಳು ಕರೆದೊಯ್ದಾಗ ಕಿಟಕಿಯ ಪರದೆ ಎಳೆದಳು.

ಊರಿನ ಕೆಳಗೆ ಹಾದ ಬಿಸಿನೀರಿನ ಕೊಳವೆಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಒಂದು ದಿನ ಸುರಂಗದಲ್ಲಿ ಕೊಳವೆಯ ಆಧಾರಕಂಬಗಳು ವಾಲಿರುವುದು ಕಂಡಿತು. ಬುಡದಲ್ಲಿ ಕೈಯಿಟ್ಟಳು. ಸಾವಿರಾರು ವರ್ಷಗಳಿಂದ ಕಲ್ಲಿನಂತೆ ಹೆಪ್ಪುಗಟ್ಟಿದ್ದ ನೆಲ ಅಂಬಲಿಯಂತೆ ಮೆತ್ತಗಿತ್ತು. ಅಲ್ಲಲ್ಲಿ ಹೊಸ ತೇಪೆಗಳಿದ್ದವು. ಅಂದರೆ ಅವಳಂತೆಯೇ ಕಂಕಣ ತೊಟ್ಟ ಜೊತೆಯ ಕೆಲಸಗಾರರು ಇದನ್ನು ಮೊದಲೇ ಕಂಡಿದ್ದರು! ಊರು ಖಾಲಿಯಾಗಬೇಕೆಂದು ಯೋಚಿಸಲೂ ಹೆದರಿ, ಮುಚ್ಚಿ ಸುಮ್ಮನಾಗಿದ್ದರು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಸಿದ್ರಾಮ ಎದ್ದು ಬಾಗಿಲು ಮುಚ್ಚಿದ.

“ನೀ ಏನೂ ನೋಡಿಲ್ಲ, ತಿಳೀತಾ? ಮಗಳ ಮುಖ ನೋಡು.”

“ಅವಳು ಕಲಿಯೋ ಸಾಲಿನೂ ಅದೇ ನೆಲದ ಮ್ಯಾಲೆ ಅದ ರೀ,” ಎಂದಳು ನಾಗವೇಣಿ.

ಅವಳು ನೇರವಾಗಿ ಹೆಲ್ಗಾ ಅವರ ಪ್ರಯೋಗಾಲಯಕ್ಕೆ ಹೋದಳು. “ಊರಿನ ಕೆಳಗಿನ ನೆಲ ಕರಗುತ್ತಿದೆ. ಎಲ್ಲರೂ ಈ ಊರು ಬಿಡಬೇಕು. ಇಂದೇ,” ಎನ್ನುವಷ್ಟರಲ್ಲಿ ಕಂಕಣ ಕೆಂಪಾಯಿತು.

ಹೆಲ್ಗಾ ಬೆರಗಾದರು. “ಇದುವರೆಗೆ ಒಬ್ಬರೂ ಏಕೆ ಹೇಳಲಿಲ್ಲ?”

“ಹೇಳಿದವರನ್ನು ನೀವು ಇಲ್ಲಿರಲು ಬಿಡುವುದಿಲ್ಲವಲ್ಲ, ಡಾಕ್ಟರ್.”

ಹೆಲ್ಗಾ ಕೂಡಲೇ ಅಧಿಕಾರಿಗಳಿಗೆ ತಿಳಿಸಿದರು; ಅವರ ಆಜ್ಞೆಯಂತೆ ಸಂಜೆಯೊಳಗೆ ಊರು ಖಾಲಿಯಾಯಿತು. ಮರುದಿನ ಶಾಲೆ, ಅದರ ಹಿಂದೆಯೇ ಇಡೀ ಬೀದಿ ಕೆಸರಿನಲ್ಲಿ ಇಳಿದುಹೋದವು. ಯಾರೂ ಸಾಯಲಿಲ್ಲ. ಪತ್ರಿಕೆಗಳು ನಾಗವೇಣಿಯನ್ನು ಹೊಗಳಿದವು. ಆದರೆ ಕಂಕಣದ ತೀರ್ಪನ್ನು ತಿದ್ದುವ ಅಧಿಕಾರ ಕಾನೂನು ಯಾರಿಗೂ ಕೊಟ್ಟಿರಲಿಲ್ಲ.

ವಿಮಾನ ನಿಲ್ದಾಣಕ್ಕೆ ಬೀಳ್ಕೊಡಲು ಬಂದ ಹೆಲ್ಗಾ ತಲೆ ಎತ್ತಲಾರದೆ ನಿಂತಿದ್ದರು. ಮಗಳು ತಂದೆಯ ಹೆಗಲ ಮೇಲೆ ನಿದ್ದೆಹೋಗಿದ್ದಳು.

“ಹೊಸ ಊರು ಎಲ್ಲಿ ಕಟ್ಟುತ್ತೀರಿ?” ನಾಗವೇಣಿ ಕೇಳಿದಳು.

“ಪಕ್ಕದ ಕಣಿವೆಯಲ್ಲಿ. ಕೆಲಸ ಆಗಲೇ ಶುರುವಾಗಿದೆ.”

“ಅಲ್ಲಿಯ ನೆಲ ಗಟ್ಟಿಯಿದೆಯೇ? ನೋಡಿದವರು ಯಾರು?”

“ನಿಮ್ಮ ಜೊತೆಯವರೇ. ಎಲ್ಲರೂ ಒಂದೇ ಮಾತಿನಲ್ಲಿ ಗಟ್ಟಿ ಎಂದರು,” ಎಂದ ಹೆಲ್ಗಾ ಅಲ್ಲಿಗೇ ತಡೆದರು. ನಾಗವೇಣಿಯ ಮಣಿಕಟ್ಟಿನತ್ತ ನೋಡಿದರು. “ಎಲ್ಲರ ಕಂಕಣವೂ ಹಸಿರಾಗಿಯೇ ಇತ್ತು.”