ನಾಲ್ಕನೇ ನಂಬರಿನ ಬಿಲ್ಲೆ

ಹೊನ್ನಪ್ಪನವರ ಕಪಾಟಿನ ಮೊಳೆಗೆ ಹಿತ್ತಾಳೆ ಬಿಲ್ಲೆ ತೂಗುತ್ತಿತ್ತು. ಅದರ ಕೆಳಗಿನ ಡಬ್ಬಿಯಲ್ಲಿ ಮಾತ್ರ ಡಿವಿಡಿ ಇರಲಿಲ್ಲ.

"ನನಗ ಕಾಣವಲ್ದು. ನಂಬರ್ ಎಷ್ಟೈತಿ ಓದ್ರಿ" ಎಂದರು ಹೊನ್ನಪ್ಪ. ಗೋಡೆಯ ಕಡೆ ಮುಖ ಮಾಡಿದ್ದ ಬಿಲ್ಲೆಯನ್ನು, ಅದೇ ಕಾಲನಿಯಲ್ಲಿ ಬಾಡಿಗೆಗಿದ್ದ ಗಿರಿಧರ ತಿರುಗಿಸಿ, ನಾಲ್ಕು ಎಂದು ಓದಿಬಿಟ್ಟ. ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ಅವನು ಇವತ್ತಿಗೂ ತನ್ನನ್ನು ಬೈದುಕೊಳ್ಳುತ್ತಾನೆ. ನಾಲ್ಕು ಪಕ್ಕದ ಮನೆಯ ರಂಜನ್ ಅವರ ನಂಬರು.

ಹೊನ್ನಪ್ಪ ವಾಯುಸೇನೆಯಲ್ಲಿ ಮೂವತ್ತು ವರ್ಷ ಇಂಜಿನ್ ರಿಪೇರಿ ಮಾಡಿದವರು. ಅಲ್ಲಿ ಅವರ ಹಲಗೆಯಿಂದ ಸ್ಪ್ಯಾನರ್ ತೆಗೆದವನು ಆ ಜಾಗದಲ್ಲಿ ತನ್ನ ನಂಬರಿನ ಬಿಲ್ಲೆ ತೂಗುಹಾಕಬೇಕಿತ್ತು. ನಿವೃತ್ತರಾಗಿ ಹೊರರಾಜ್ಯದ ಕಾಮಠಿ ರಸ್ತೆಯ ಈ ಕಾಲನಿಗೆ ಬಂದ ಮೇಲೆ ಅದೇ ಕಾನೂನನ್ನು ತಮ್ಮ ಸಿನಿಮಾ ಡಿಸ್ಕ್‌ಗಳಿಗೂ ಹೇರಿದರು. ಟಿವಿ ಪಕ್ಕದ ಸ್ಟೀಲ್ ಬಟ್ಟಲಿನಲ್ಲಿ ಎಲ್ಲರ ಬಿಲ್ಲೆಗಳೂ ಇರುತ್ತಿದ್ದವು. ಕಾಲನಿಯ ಕನ್ನಡದವರು ಮೊದಲು ನಕ್ಕರು, ಆಮೇಲೆ ಬಿಲ್ಲೆ ತೂಗಿಸದೆ ಕಪಾಟಿಗೆ ಕೈ ಹಾಕುವುದನ್ನೇ ಮರೆತರು.

ಕಳೆದುಹೋದದ್ದು ಅಂತಿಂಥ ಡಿಸ್ಕ್ ಅಲ್ಲ. ಹೊನ್ನಪ್ಪನವರ ಹೆಂಡತಿ ಕುಮುದಾ ಮದುವೆಗೆ ಮುಂಚೆ ಆ ಸಿನಿಮಾದ ಮದುವೆ ದೃಶ್ಯವೊಂದರಲ್ಲಿ ಒಂದೂವರೆ ನಿಮಿಷ ಸೋಬಾನೆ ಹಾಡಿದ್ದರು. ಆಕೆ ತೀರಿಹೋದ ದಿನ ಪ್ರತಿವರ್ಷ ಅದನ್ನು ಹಾಕಿ, ಬಂದವರಿಗೆಲ್ಲ ಊಟ ಬಡಿಸುತ್ತಿದ್ದರು. ಈ ವರ್ಷ ಆ ದಿನಕ್ಕೆ ಮೂರೇ ದಿನ ಉಳಿದಿತ್ತು. ಹೊನ್ನಪ್ಪನವರ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ದೀಪಾವಳಿಯವರೆಗೆ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಈ ಸಲ ಅಕೀ ಮುಖಾ ನೋಡ್ಲಿಲ್ಲಂದ್ರ, ಮುಂದ ಬರೇ ದನಿ ಕೇಳೂದು" ಎಂದು ಹೇಳಿ ಅವರು ನೇರ ರಂಜನ್ ಮನೆ ಬಾಗಿಲಿಗೆ ಹೋದರು. ರಂಜನ್ ಸಿನಿಮಾ ಹುಚ್ಚಿನವರು, ಅದೇ ಡಿಸ್ಕನ್ನು ಹಿಂದೆ ಎರಡು ಸಲ ಕೇಳಿದ್ದವರು. ಇಡೀ ಸಾಲಿಗೆ ಕೇಳುವಂತೆ ಹೊನ್ನಪ್ಪ ಅವರನ್ನು ಕಳ್ಳ ಎಂದರು. ಇಪ್ಪತ್ತು ವರ್ಷದ ಗೆಳೆಯ ಬಾಗಿಲು ಹಾಕಿಕೊಂಡರು.

ಗಿರಿಧರ ತನ್ನ ಮನೆಯೊಡತಿ ದೇಚಮ್ಮನವರನ್ನು ಕರೆತಂದ. ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಈ ಕೊಡಗಿನ ಹೆಂಗಸಿನ ಹತ್ತಿರ ಸುಳ್ಳು ಹೇಳುವುದು ಕಷ್ಟ. ಕಾಲನಿಯಲ್ಲಿ ಏನೇ ಕಳುವಾದರೂ ಪೊಲೀಸ್ ಠಾಣೆಗಿಂತ ಮೊದಲು ಜನ ಅವರ ಮನೆಗೇ ಬರುತ್ತಿದ್ದರು. ಬಿಲ್ಲೆ ಹೇಗೆ ತೂಗುತ್ತಿತ್ತು ಎಂದು ಅವರು ಗಿರಿಧರನನ್ನು ಎರಡು ಸಲ ಕೇಳಿದರು. ಗೋಡೆಯ ಮೇಲಿದ್ದ ಹೊನ್ನಪ್ಪನವರ ಹಳೆಯ ಫೋಟೋವನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಸ್ಪ್ಯಾನರ್ ಹಲಗೆಯ ತುಂಬ ನಂಬರುಗಳು, ಒಂದು ಬಿಲ್ಲೆ ಮಾತ್ರ ಬೋಳು.

ಹೊನ್ನಪ್ಪನವರ ಮಗಳು ಸಿಂಧೂರ ಚಹಾ ತಂದಳು. ಗಂಡ ಕೌಶಿಕ್ ಜೊತೆ ಅವಳೂ ಅದೇ ಮನೆಯಲ್ಲಿದ್ದಳು. ಎರಡು ವರ್ಷದ ಹಿಂದೆ, ಮನೆಯೆಲ್ಲ ಧೂಳು ಎಂದು ಅಪ್ಪನ ಮುನ್ನೂರು ಡಿಸ್ಕ್ ರದ್ದಿಯವನಿಗೆ ಹೋಗುವಂತೆ ಮಾಡಿದವಳು ಅವಳೇ. ಆನ್‌ಲೈನ್‌ನಲ್ಲಿ ಕೊಂಡರೆ ಗೀರು ಬೀಳುವುದಿಲ್ಲ, ಸಾಯುವ ತನಕ ನಮ್ಮದೇ ಎಂದು ವಾದಿಸಿ ಗೆದ್ದಿದ್ದಳು. ಹಟ ಹಿಡಿದು ಹೊನ್ನಪ್ಪ ಉಳಿಸಿಕೊಂಡದ್ದು ಹನ್ನೆರಡು.

"ಅದೇ ಪಿಕ್ಚರ್ ನನ್ನ ಅಕೌಂಟಿನಾಗ ಖರೀದಿ ಮಾಡೇನಲ್ಲ ಅಪ್ಪಾ. ಸಂಡೇಕ್ಕ ಅದನ್ನೇ ಹಚ್ಚೋಣು" ಎಂದಳು.

ಈಗಲೇ ಒಂದು ನಿಮಿಷ ತೋರಿಸು ಎಂದರು ದೇಚಮ್ಮ. ಬೆಳಗಿನಿಂದ ನೆಟ್ ಬಂದ್ ಎಂದಳು ಸಿಂಧೂರ. ಒಳಕೋಣೆಯಲ್ಲಿ ಕೌಶಿಕ್ ಆಫೀಸಿನವರ ಜೊತೆ ವಿಡಿಯೋ ಮೀಟಿಂಗಿನಲ್ಲಿ ನಗುತ್ತಿದ್ದ. ಗಿರಿಧರ ಆ ನಗುವನ್ನು ಕೇಳಿಸಿಕೊಂಡೇ ಬಿಸ್ಕತ್ತು ತಿಂದ.

ಭಾನುವಾರ ಸಂಜೆ ಎಲ್ಲರೂ ಸೇರಿದರು. ದೇಚಮ್ಮ ತಾವೇ ಹೋಗಿ ಕರೆದದ್ದರಿಂದ ರಂಜನ್ ಕೂಡ ಬಂದು ಬಾಗಿಲ ಬಳಿ ನಿಂತರು, ಒಳಗೆ ಬರಲಿಲ್ಲ.

"ಕದಿಯೋನು ತನ್ನದೇ ಬಿಲ್ಲೆ ತೂಗಿಸಿ ಹೋಗ್ತಾನಾ?" ಎಂದು ದೇಚಮ್ಮ ಶುರು ಮಾಡಿದರು. "ಹಾಗಂತ ಹೊರಗಿನ ಕಳ್ಳನೂ ಅಲ್ಲ, ಅವನು ಬಿಲ್ಲೆ ಮುಟ್ಟೋದೇ ಇಲ್ಲ. ಗಿರಿಧರ ನೋಡಿದಾಗ ನಂಬರು ಗೋಡೆ ಕಡೆಗಿತ್ತು. ಈ ಫೋಟೋದಲ್ಲೂ ಒಂದು ಹಾಗೇ ಇದೆ. ಯಾಕೆ ಹೊನ್ನಪ್ಪನವರೇ?"

"ಅದು ನಂದೇ ಕಾಯ್ದೆ. ಸಾಮಾನು ಮುರೀತಂದ್ರ ಬಿಲ್ಲೆ ಉಲ್ಟಾ ಹಾಕಬೇಕು. ಅದು ಇನ್ನ ವಾಪಸ್ ಬರೂದಿಲ್ಲ ಅಂತ..." ಹೊನ್ನಪ್ಪ ಅಲ್ಲಿಗೇ ನಿಂತರು. ಮಾತು ಮುಗಿಯುವ ಮೊದಲೇ ಅವರಿಗೆ ಅರ್ಥವಾಗಿತ್ತು.

ಆ ಕಾಯ್ದೆ ರಂಜನ್‌ಗಾಗಲಿ ಕೌಶಿಕ್‌ಗಾಗಲಿ ಗೊತ್ತಿರಲಿಲ್ಲ. ಅಪ್ಪನ ಹಲಗೆಯ ಮುಂದೆ ಆಡಿ ಬೆಳೆದವಳು ಒಬ್ಬಳೇ. ಉಳಿದದ್ದನ್ನು ದೇಚಮ್ಮ ದನಿ ಏರಿಸದೆ ಹೇಳಿದರು. ನೆಟ್ ಚೆನ್ನಾಗಿಯೇ ಇತ್ತು, ಇಲ್ಲದಿದ್ದದ್ದು ಸಿನಿಮಾ. ಕೊಂಡ ಸಿನಿಮಾವನ್ನು ಆನ್‌ಲೈನ್ ಅಂಗಡಿಯವರೇ ಸಿಂಧೂರಳ ಅಕೌಂಟಿನಿಂದ ತೆಗೆದುಹಾಕಿದ್ದರು. ಡಿಸ್ಕ್ ಬೇಕೆಂದು ಅಪ್ಪನನ್ನೇ ಕೇಳಿದರೆ ಅದನ್ನೂ ಹೇಳಬೇಕು. ಅದಕ್ಕೇ ಗುಟ್ಟಾಗಿ ಕಾಪಿ ಮಾಡಿಕೊಳ್ಳಲು ತೆಗೆದಿದ್ದಳು.

ಸಿಂಧೂರ ಒಳಗೆ ಹೋಗಿ ಎರಡು ತುಂಡು ತಂದು ಮೇಜಿನ ಮೇಲಿಟ್ಟಳು. ಸಿನಿಮಾ ತೋರಿಸುವ ತಮ್ಮ ಹಕ್ಕು ಮುಗಿಯಿತು ಎಂದು ಅಂಗಡಿಯಿಂದ ಎರಡು ಸಾಲಿನ ಮೇಲ್ ಬಂದಿತ್ತಂತೆ. ಲ್ಯಾಪ್‌ಟಾಪಿನಲ್ಲಿ ಸಿಕ್ಕಿಕೊಂಡ ಡಿಸ್ಕನ್ನು ಎಳೆದಾಗ ಮುರಿಯಿತಂತೆ. ಮುರಿದ ಮೇಲೆ, ಚಿಕ್ಕಂದಿನ ರೂಢಿಯಿಂದ, ಕೈಗೆ ಸಿಕ್ಕ ಬಿಲ್ಲೆಯನ್ನು ಯಾರದೆಂದು ನೋಡದೆಯೇ ತೂಗಿಸಿದ್ದಳು. ಉಲ್ಟಾ ಹಾಕಿದ್ದು ಅವಳ ಗಮನಕ್ಕೂ ಬಂದಿರಲಿಲ್ಲ.

ಹೊನ್ನಪ್ಪ ತುಂಡುಗಳನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಆಮೇಲೆ ಅವುಗಳನ್ನು ಜೋಡಿಸಲು ಹೋದರು, ಕೂಡಲಿಲ್ಲ.

"ಮುರದದ್ದು ಮುರೀಲಿ, ಅದು ಕೈತಪ್ಪು" ಎಂದರು. "ಮೂರ್ ದಿನಾ ನಾ ಅವನ್ನ ಕಳ್ಳ ಅಂದೆ. ನೀ ಇಲ್ಲೇ ನಿಂತು ಕೇಳಿದಿ."

ಸಿಂಧೂರ ಅಳುತ್ತಿದ್ದಳು. ಗಿರಿಧರನಿಗೆ ಅವಳ ಮೇಲೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ.

ಹೊನ್ನಪ್ಪ ನಾಲ್ಕನೇ ನಂಬರಿನ ಬಿಲ್ಲೆಯನ್ನು ಮೊಳೆಯಿಂದ ಬೆರಳಲ್ಲೇ ತಡಕಿ ತೆಗೆದು, ಬಾಗಿಲವರೆಗೆ ನಡೆದು ರಂಜನ್ ಮುಂದೆ ಅಂಗೈ ಚಾಚಿದರು. "ತಪ್ಪಾತು ರಂಜನ್" ಎಂದರು.

"ಇರ್ಲಿ ಬಿಡಿ. ಅದು ನಿಮ್ಮ ಹತ್ರಾನೇ ಇರ್ಲಿ, ನನಗಿನ್ನು ಬೇಕಾಗಲ್ಲ" ಎಂದು ರಂಜನ್ ಮೆಲ್ಲಗೆ ಹೇಳಿ, ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದರು.

ಅಡುಗೆ ತಣ್ಣಗಾಗುತ್ತಿತ್ತು, ಬಡಿಸಿ ಎಂದು ಹೇಳುವವರಿಲ್ಲ. ಹೊನ್ನಪ್ಪ ಗೋಡೆ ಹಿಡಿದುಕೊಂಡು ಕಪಾಟಿನ ತನಕ ವಾಪಸ್ ಬಂದರು, ಖಾಲಿ ಡಬ್ಬಿಯ ಮೇಲಿನ ಮೊಳೆಯನ್ನು ಬೆರಳಿನಿಂದ ಹುಡುಕಿದರು. ಬಿಲ್ಲೆಯ ಎರಡೂ ಬದಿ ಸವರಿ ನೋಡಿ, ನಂಬರು ಗೋಡೆಯ ಕಡೆ ಬರುವಂತೆ ತೂಗುಹಾಕಿದರು.