ಬಂಡೆಯಂಚಿನ ಹೂವು

ನಡುಮನೆಯ ಗೋಡೆಯಲ್ಲಿ ತೂಗುಹಾಕಿದ್ದ ಆ ಫೋಟೋದ ಧೂಳನ್ನು ವರ್ಷಗಟ್ಟಲೆ ಒರೆಸಿಕೊಂಡು ಬಂದವಳು ಅವಳೇ. ಬಿಳಿ ಆರ್ಕಿಡ್ ಹೂವು, ಎಸಳಿನ ತುದಿಗೆ ಒಂದು ಮಂಜಿನ ಹನಿ. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ತಲೆದೂಗುತ್ತಿದ್ದರು. ಅಷ್ಟು ಸಾಕು, ಅವಳ ಗಂಡ ಶುರುಹಚ್ಚಿಕೊಳ್ಳುತ್ತಿದ್ದ. ಯಾವ ದೇಶದ ಕಾಡು, ಜಿಗಣೆ ಎಲ್ಲೆಲ್ಲಿ ಕಚ್ಚಿತು, ಮೊಗ್ಗು ಬಿಚ್ಚುವುದನ್ನೇ ಕಾಯುತ್ತ ಮರದ ಕೆಳಗೆ ಹೇಗೆ ಕೂತಿದ್ದ.

ಅವನು ಹಾಗೆ ಕಾದು ಕೂತಿದ್ದ ಹೊತ್ತಿನಲ್ಲೇ ಇಲ್ಲಿ ಅವರ ಒಬ್ಬಳೇ ಮಗಳು ಜ್ವರದಲ್ಲಿ ಹೋಗಿದ್ದಳು. ಕೊನೆಯವರೆಗೂ ಅವಳದು ಒಂದೇ ಪ್ರಶ್ನೆ, "ಅಪ್ಪ ಬಂದ್ರಾ?" ಬರ್ತಿದ್ದಾರೆ ಪುಟ್ಟಿ, ದಾರಿಯಲ್ಲಿದ್ದಾರೆ ಎಂದು ಇವಳು ಹೇಳಿದ್ದೇ ಹೇಳಿದ್ದು. ಎಲ್ಲ ಮುಗಿದ ಮೇಲೆ ಬಂದವನು ತಲೆ ಮೇಲೆ ಕೈಹೊತ್ತು ಕೂತು, "ಕಾಡಲ್ಲಿ ಫೋನು ಸಿಗಲ್ಲ ಕಣೇ" ಅಂದ. ನಂಬಿದಳು. ನಂಬಿಕೊಂಡೇ ಆಸ್ಪತ್ರೆಯ ಕೆಲಸಕ್ಕೆ ಹೋದಳು, ಬಂದಳು, ಅಡುಗೆ ಮಾಡಿದಳು, ಫೋಟೋ ಒರೆಸಿದಳು.

ಕಳೆದ ವರ್ಷ ಅವನ ಹಳೆಯ ಸ್ನೇಹಿತನೊಬ್ಬ ಮನೆಗೆ ಬಂದಿದ್ದ. ಅವಳು ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಬರುವಾಗ ಗಂಡ ಫೋಟೋದ ಕಡೆ ಕೈತೋರಿಸಿ ಹೇಳುತ್ತಿದ್ದ, "ಅವತ್ತು ಫೋನಿಗೆ ಮೆಸೇಜ್ ಬಂತಪ್ಪ, ಮಗುಗೆ ಜಾಸ್ತಿಯಾಗಿದೆ ಅಂತ. ಏನ್ ಮಾಡ್ಲಿ? ಮೊಗ್ಗು ಬಿಚ್ಚೋಕೆ ಶುರುವಾಗಿಬಿಟ್ಟಿತ್ತು. ಇವಳು ಹೇಗೂ ನರ್ಸು, ನೋಡ್ಕೋತಾಳೆ ಅಂದ್ಕೊಂಡೆ."

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಒಂದು ಹನಿ ಚಹಾ ಚೆಲ್ಲಲಿಲ್ಲ. "ಸಕ್ಕರೆ ಸಾಕಾ ನೋಡಿ" ಎಂದು ಸ್ನೇಹಿತನನ್ನು ಕೇಳಿದಳು ಕೂಡ.

ಅವಳು ಆಪರೇಷನ್ ಥಿಯೇಟರಿನ ನರ್ಸು. ಹೊಲಿಗೆ ಹಾಕುವ ಮೊದಲು ಕತ್ತರಿ, ಚಿಮಟ, ಹತ್ತಿಯ ತುಂಡು ಎಲ್ಲ ಹೊರಗೆ ಬಂದಿವೆಯೇ ಎಂದು ನೋಡುವುದು ಅವಳ ಕೆಲಸ. ಅವಳು ಹೂಂ ಅನ್ನುವವರೆಗೆ ಎಂಥ ದೊಡ್ಡ ಡಾಕ್ಟರೂ ಸೂಜಿ ಎತ್ತುವಂತಿಲ್ಲ. ಇಷ್ಟು ವರ್ಷಗಳಲ್ಲಿ ಅವಳ ಕೈಯಿಂದ ಒಂದು ದಾರದ ತುಣುಕೂ ಒಳಗೆ ಉಳಿದದ್ದಿಲ್ಲ. ಗಂಡನನ್ನು ಮುಗಿಸಬೇಕು ಎಂಬ ಯೋಚನೆ ಬಂದಾಗಲೂ ಅವಳು ನಾಳೆಯ ಆಪರೇಷನ್ನಿಗೆ ಇಂದು ಸಾಮಾನು ಜೋಡಿಸಿದಷ್ಟೇ ತಣ್ಣಗೆ ಯೋಚಿಸಲು ಕೂತಳು. ಮದ್ದು ಬೇಡ. ನರ್ಸಿನ ಗಂಡ ಮದ್ದಿನಿಂದ ಸತ್ತರೆ ಎಲ್ಲರ ಕಣ್ಣೂ ಮೊದಲು ನರ್ಸಿನ ಮೇಲೆ. ಮನೆಯಲ್ಲೂ ಬೇಡ. ಅವನನ್ನು ಅವನ ಹೂವೇ ಕೊಲ್ಲಬೇಕು. ಹುಚ್ಚು ಹಿಡಿದಂತೆ ಹೂವಿನ ಹಿಂದೆ ಅಲೆಯುವವನು ಕಾಲುಜಾರಿ ಬಿದ್ದರೆ ಜನ ಅಯ್ಯೋ ಅನ್ನುತ್ತಾರೆ, ಹೀಗೇ ಆಗುತ್ತೆ ಅಂತ ಗೊತ್ತಿತ್ತು ಅಂತಲೂ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

"ಈ ಸಲ ನಾನೂ ಬರ್ತೀನಿ ರೀ" ಅಂದಾಗ ಗಂಡನಿಗೆ ಆಶ್ಚರ್ಯ.

"ನಿಂಗೇನು ಹೂವಿನ ಮೇಲೆ ಪ್ರೀತಿ ಉಕ್ಕಿಬಂತು?"

"ಹೂವಿಗಲ್ಲ. ಆ ಊರಲ್ಲಿ ದೊಡ್ಡ ಹಬ್ಬ ಅಂದ್ರಲ್ಲ, ಅದನ್ನ ನೋಡೋಕೆ."

ಅವನು ಮೂಗು ಮುರಿದ. ಹಾಗೆ ಮುರಿಯುತ್ತಾನೆಂದು ಅವಳಿಗೆ ಗೊತ್ತಿತ್ತು. ಗದ್ದಲ, ಜಾತ್ರೆ, ಮೆರವಣಿಗೆ ಅಂದರೆ ಅವನಿಗಾಗದು. ಅವಳ ಲೆಕ್ಕಾಚಾರವೆಲ್ಲ ನಿಂತದ್ದು ಅದರ ಮೇಲೆಯೇ.

ಹೊರಟದ್ದು ಆರ್ಕಿಡ್ ಹುಚ್ಚಿನವರ ಒಂದು ಸಣ್ಣ ಗುಂಪು. ಅದಕ್ಕೆ ಹಿರಿಯರು ಕೆಲಸದಿಂದ ನಿವೃತ್ತರಾದ ಒಬ್ಬರು ಸಸ್ಯಶಾಸ್ತ್ರದ ಟೀಚರಮ್ಮ. ಬೆಳ್ಳಿ ಕೂದಲು, ಕುತ್ತಿಗೆಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಹೋಗುತ್ತಿದ್ದ ದೇಶದಲ್ಲೇ ಓದಿದವರು, ಅಲ್ಲಿನ ಭಾಷೆ ನೀರು ಕುಡಿದಷ್ಟು ಸಲೀಸು. ವಿಮಾನದಲ್ಲಿ ಇವಳ ಪಕ್ಕ ಕೂತವರು ದಾರಿಯುದ್ದಕ್ಕೂ ಹಿಡಿದ ಕೈ ಬಿಡಲಿಲ್ಲ. "ಮಗಳ ವಿಷಯ ಕೇಳಿದೀನಮ್ಮ" ಎಂದಷ್ಟೇ ಹೇಳಿದರು. ಅವರ ಮೇಲೆ ಅವಳಿಗೆ ಅಕ್ಕರೆ ಹುಟ್ಟಿತು. ಸಾಕ್ಷಿ ಹೇಳಲು ಇಂಥವರೇ ಬೇಕು ಎಂದೂ ಅನಿಸಿತು.

ಊರು ಚಿಕ್ಕದು, ಬೆಟ್ಟದ ಬುಡದಲ್ಲಿ ಹೆಂಚಿನ ಮನೆಗಳು, ಮೆಟ್ಟಿಲು ಮೆಟ್ಟಿಲಾದ ಓಣಿಗಳು. ಅವರು ಇಳಿದುಕೊಂಡಿದ್ದ ವಸತಿಗೃಹದ ಹಿತ್ತಿಲ ಬಾಗಿಲು ತೆರೆದರೆ ಬತ್ತಿದ ಹಳ್ಳ. ಹಳ್ಳದ ಕಲ್ಲುಗಳ ಮೇಲೇ ಹತ್ತಿಕೊಂಡು ಹೋದರೆ ನೆತ್ತಿಯ ಬಂಡೆ. ಕಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಹಬ್ಬದ ದಿನ ಊರಿನವರು, ಬಂದವರು ಎಲ್ಲರೂ ಕೆಂಪು ಶಾಲನ್ನು ತಲೆತುಂಬ ಹೊದ್ದು ಬೀದಿಗಿಳಿಯುತ್ತಾರೆ ಎಂಬುದು ಅವಳಿಗೆ ಮೊದಲೇ ತಿಳಿದಿತ್ತು. ಆ ಕೆಂಪಿನಲ್ಲಿ ಯಾರು ಇದ್ದರು, ಯಾರು ಇರಲಿಲ್ಲ ಎಂದು ಹೇಳುವ ಕಣ್ಣು ಯಾರಿಗಿದೆ?

ಹಬ್ಬದ ಹಿಂದಿನ ದಿನ ಗಂಡ ಬೆಟ್ಟದಿಂದ ಕುಣಿಯುತ್ತಲೇ ಇಳಿದು ಬಂದ. ಊಟದ ಮೇಜಿನಲ್ಲಿ ಅವನ ಬಾಯಿಗೆ ಬಿಡುವಿಲ್ಲ.

"ಸಿಕ್ತು ಟೀಚರ್! ನೀವು ಹೇಳಿದ್ರಲ್ಲ, ಅದೇ. ಬಂಡೆ ಅಂಚಲ್ಲಿ ಒಂದೇ ಒಂದು ಗಿಡ, ಒಂದೇ ಮೊಗ್ಗು. ನಾಳೆ ಬೆಳಿಗ್ಗೆ ಬಿಚ್ಚುತ್ತೆ."

ಟೀಚರ್ ಚಮಚ ಕೆಳಗಿಟ್ಟರು. "ಓದೋ ಕಾಲದಲ್ಲಿ ಒಂದೇ ಸಲ ನೋಡಿದ್ದೆ ಕಣಪ್ಪ. ಈ ಮೊಣಕಾಲಲ್ಲಿ ಇನ್ನು ಅಲ್ಲಿಗೆ ಹತ್ತೋದು ಕನಸಿನ ಮಾತು. ಒಳ್ಳೆ ಫೋಟೋ ತಗೊಂಡು ಬಾ."

"ನೀವು?" ಎಂದು ಯಾರೋ ಅವಳನ್ನು ಕೇಳಿದರು.

"ನನಗ್ಯಾಕೆ ಬೆಟ್ಟ? ನಾನು ಬಂದಿರೋದು ಹಬ್ಬಕ್ಕೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಗಂಡ ನಕ್ಕ. ಎಲ್ಲರೂ ನಕ್ಕರು.

ಮರುದಿನ ಅಂದುಕೊಂಡದ್ದು ಅಂದುಕೊಂಡ ಹಾಗೇ ನಡೆಯಿತು. ಚೌಕದಲ್ಲಿ ಗುಂಪಿನ ಜೊತೆ ಕೆಂಪು ಶಾಲು ಹೊದ್ದು ಫೋಟೋ ತೆಗೆಸಿಕೊಂಡಳು. ವಾದ್ಯದವರು ಬಂದರು, ಜನ ನುಗ್ಗಿದರು, ಟೀಚರ ಕೈ ಅವಳ ಕೈಯಿಂದ ತಾನಾಗಿಯೇ ಜಾರಿತು. ಓಣಿಯ ತಿರುವಿನಲ್ಲಿ ಶಾಲನ್ನು ಮಡಿಸಿ ಚೀಲಕ್ಕೆ ಹಾಕಿದಳು. ಮುಳ್ಳಿಗೆ ಒಂದು ಕೆಂಪು ಎಳೆ ಸಿಕ್ಕಿಕೊಂಡರೂ ಕೆಲಸ ಕೆಟ್ಟೀತು. ಕೂದಲಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕೈಗೆ ಗವಸು ಹಾಕಿ, ಹಳ್ಳದ ಕಲ್ಲುಗಳ ಮೇಲೆ ಕಾಲಿಡುತ್ತ ಹತ್ತಿದಳು. ದಾರಿಯಲ್ಲಿ ನರಪಿಳ್ಳೆಯಿಲ್ಲ. ಊರಿಗೆ ಊರೇ ಕೆಳಗೆ ಕುಣಿಯುತ್ತಿತ್ತು.

ಗಂಡ ಬಂಡೆಯ ಅಂಚಿನಲ್ಲಿ ಮಂಡಿಯೂರಿ ಕೂತಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದ.

"ಅರೆ! ನೀನ್ಯಾಕೆ ಬಂದೆ? ಹಬ್ಬ ಅಂತಿದ್ದೆ?"

"ನೋಡ್ಬೇಕು ಅನ್ನಿಸ್ತು."

ಅವನ ಮುಖ ಅರಳಿದ್ದನ್ನು ನೋಡಿ ಅವಳಿಗೆ ಗಲಿಬಿಲಿಯಾಯಿತು. ಇದು ಅವಳ ಯೋಜನೆಯಲ್ಲಿ ಇರಲಿಲ್ಲ. ಅವನು ಎದ್ದು ಬಂದು ದನಿ ತಗ್ಗಿಸಿ ಹೇಳಿದ, "ನೋಡು, ಇದು ಹಳೇ ಜಾತಿಯಲ್ಲ ಅನ್ಸುತ್ತೆ. ಎಸಳೇ ಬೇರೆ ಥರ ಇದೆ. ಹೊಸದೇ ಆಗಿದ್ರೆ ಹೆಸರಿಡೋ ಹಕ್ಕು ನಂದು. ಪುಟ್ಟಿ ಹೆಸರಿಡೋಣ ಅಂದ್ಕೊಂಡಿದೀನಿ. ಯಾರಿಗೂ ಹೇಳಿಲ್ಲ ಇನ್ನೂ."

ಅವಳಿಗೆ ಒಂದು ಕ್ಷಣ, ಒಂದೇ ಕ್ಷಣ, ಇಬ್ಬರೂ ಹೀಗೇ ಕೆಳಗಿಳಿದು ಹೋಗಿಬಿಡಬಹುದು ಅನಿಸಿತು. ಇವನಿಗೂ ಒಳಗೆಲ್ಲೋ ಮಗಳು ಇದ್ದಳೇ ಹಾಗಾದರೆ? ಇಷ್ಟು ವರ್ಷ ಒಂದು ಮಾತೂ ಆಡದೆ? ಏನೋ ಕೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಮತ್ತೆ ಅಂಚಿಗೆ ಹೋಗಿ, ಅವಳಿಗೆ ಬೆನ್ನು ಹಾಕಿ, ಕ್ಯಾಮೆರಾಕ್ಕೆ ಕಣ್ಣು ಕೀಲಿಸಿದ್ದ.

"ರೀ, ಅವತ್ತು ಅವಳು ನಿಮ್ಮನ್ನ..."

"ಶ್! ಸ್ವಲ್ಪ ಸರಿ ಆಕಡೆ. ನಿನ್ನ ನೆರಳು ಬೀಳ್ತಿದೆ."

ಅವಳು ಸರಿಯಲಿಲ್ಲ. ಎರಡೂ ಅಂಗೈಗಳನ್ನು ಅವನ ಬೆನ್ನಿಗಿಟ್ಟು ತಳ್ಳಿದಳು.

ಕೂಗಿದನೋ ಇಲ್ಲವೋ, ಕೆಳಗಿನ ವಾದ್ಯಗಳ ಅಬ್ಬರದಲ್ಲಿ ಕೇಳಿಸಲಿಲ್ಲ. ಕ್ಯಾಮೆರಾ ಅವನ ಕೊರಳಲ್ಲೇ ಇತ್ತು, ಅವನ ಜೊತೆಯಲ್ಲೇ ಹೋಯಿತು. ಕ್ಯಾಮೆರಾ ನಿಲ್ಲಿಸುವ ಮೂರುಕಾಲಿ ಸ್ಟ್ಯಾಂಡು ಮಾತ್ರ ಅಡ್ಡಬಿದ್ದಿತ್ತು. ಅದು ಹಾಗೇ ಇರಲಿ, ಎಡವಿ ಬಿದ್ದ ಅನ್ನುವುದಕ್ಕೆ ಸರಿಯಾಗುತ್ತೆ. ಅವಳು ಸುತ್ತ ನೋಡಿದಳು. ತನ್ನದೆಂಬುದು ಏನೂ ಇಲ್ಲ. ಕತ್ತರಿಯಿಲ್ಲ, ದಾರವಿಲ್ಲ, ಹತ್ತಿಯಿಲ್ಲ. ಹೊಲಿಗೆ ಹಾಕಬಹುದು.

ಹೊರಡಲು ತಿರುಗಿದವಳು ನಿಂತಳು. ಮಗಳ ಹೆಸರು ಇಟ್ಟುಕೊಳ್ಳಬೇಕಿದ್ದ ಹೂವು ಅಲ್ಲೇ ಇತ್ತು. ಜೀವಮಾನದಲ್ಲಿ ಒಂದು ಆರ್ಕಿಡ್ಡನ್ನೂ ಅವಳು ನೆಟ್ಟಗೆ ನೋಡಿದವಳಲ್ಲ. ಈಗ ಮಂಡಿಯೂರಿದಳು. ಹಸಿರು ಬಿಳುಪಿನ ಸಣ್ಣ ಹೂವು, ನಡುವೆ ತೆರೆದ ಪುಟ್ಟ ಬಾಯಿ. ನಿದ್ದೆಯಲ್ಲಿ ಮಗು ಬಾಯಿ ತೆರೆದುಕೊಂಡ ಹಾಗೆ. ಮುಖವನ್ನು ಹತ್ತಿರ ಒಯ್ದು, ಇನ್ನೂ ಹತ್ತಿರ ಒಯ್ದು, ಅದರ ವಾಸನೆ ಎಳೆದುಕೊಂಡಳು. ಅಂಥ ವಾಸನೆಯೇನೂ ಇರಲಿಲ್ಲ. "ಪುಟ್ಟಿ" ಅಂದಳು. ಕಿತ್ತುಕೊಳ್ಳಬೇಕು ಎಂದು ಕೈ ಮುಂದಾಯಿತು. ಪೆದ್ದೀ, ಎಂದು ತನ್ನನ್ನೇ ಗದರಿಕೊಂಡು ಎದ್ದಳು.

ಇಳಿಯುವುದು ಹತ್ತುವುದಕ್ಕಿಂತ ಸುಲಭವಾಯಿತು. ವಸತಿಗೃಹದಲ್ಲಿ ಒಬ್ಬರೂ ಇರಲಿಲ್ಲ. ಬೂಟಿನ ಅಡಿ ತೊಳೆದಳು. ಗವಸನ್ನು ಚೂರುಚೂರಾಗಿ ಕತ್ತರಿಸಿ ಒಲೆಯ ಕೆಂಡದಲ್ಲಿ ಸುಟ್ಟಳು. ಕನ್ನಡಕ ತೆಗೆದಿಟ್ಟು ಮುಖ ತೊಳೆದಳು, ಉಗುರಿನ ಸಂದು ತಿಕ್ಕಿದಳು, ತಲೆ ಬಾಚಿ ಬಾಚಣಿಗೆಯನ್ನೂ ನೋಡಿದಳು. ಗಾಜುಗಳನ್ನು ಸೆರಗಿನಿಂದ ಒರೆಸಿ ಕನ್ನಡಕವನ್ನು ಮತ್ತೆ ಏರಿಸಿ, ಶಾಲು ಹೊದ್ದು, ಮೆರವಣಿಗೆಯೊಳಗೆ ಹೊಕ್ಕಳು.

ಸಂಜೆಯಾದರೂ ಗಂಡ ಬಾರದಿದ್ದಾಗ ಅವಳೇ ಎಲ್ಲರನ್ನೂ ಸಮಾಧಾನ ಮಾಡಿದಳು. "ಹೂವು ಸಿಕ್ಕಿದ್ರೆ ಅವರಿಗೆ ಊಟನೂ ಬೇಡ, ಹೆಂಡ್ತಿನೂ ಬೇಡ." ಜನ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗುವುದನ್ನು ನಿಲ್ಲಿಸಿದರು. ಟೀಚರೇ ಪೊಲೀಸರಿಗೆ ಹೇಳಿಕಳಿಸಿದರು. ಹುಡುಕಲು ಹೋದವರು ಬೇಗನೇ ಬಂದರು. ಅವರ ಮುಖ ನೋಡಿ ಅವಳು ಅತ್ತಳು. ವಿಚಿತ್ರವೆಂದರೆ ಆ ಅಳು ನಿಜದ್ದೇ ಆಗಿತ್ತು.

ಬಂದ ಅಧಿಕಾರಿ ಮಿತಭಾಷಿ, ಸಭ್ಯ. ಅವನು ಕೇಳಿದ್ದನ್ನು ಟೀಚರ್ ಕನ್ನಡದಲ್ಲಿ ಹೇಳುತ್ತಿದ್ದರು, ಇವಳು ಹೇಳಿದ್ದನ್ನು ಅವನ ಭಾಷೆಗೆ ದಾಟಿಸುತ್ತಿದ್ದರು.

"ಮೆರವಣಿಗೆಯಲ್ಲಿ ನಮ್ಮ ಜೊತೆಗೇ ಇದ್ದಳು ಅಂತ ಹೇಳಿದೀನಿ ಕಣಮ್ಮ" ಅಂದರು ಟೀಚರ್. "ವಾದ್ಯದವರ ಮುಂದೆ ನಿಂತು ನನ್ನ ಕಡೆ ಕೈ ಬೀಸಿದೆಯಲ್ಲ, ಅದನ್ನೂ ಹೇಳಿದೆ."

ಅವಳು ಯಾರ ಕಡೆಗೂ ಕೈ ಬೀಸಿರಲಿಲ್ಲ. ಯಾವುದೋ ಕೆಂಪು ಶಾಲು ಬೀಸಿತ್ತು. ಹೂಂ ಎಂದು ತಲೆಯಾಡಿಸಿದಳು.

"ಬೆಟ್ಟಕ್ಕೆ ಯಾವತ್ತಾದರೂ ಹೋಗಿದ್ದೆಯಾ ಅಂತ ಕೇಳ್ತಿದಾರೆ. ಸುಮ್ಮನೆ ಕೇಳೋದಂತೆ, ಬೇಜಾರು ಮಾಡ್ಕೋಬೇಡ."

"ಇಲ್ಲ ಟೀಚರ್. ಹತ್ತೇ ಇಲ್ಲ. ಅವರ ಪ್ರಾಣ ತೆಗೆದ ಆ ಹೂವು ಹೇಗಿದೆ ಅಂತ ಕೂಡ ನಾನು ಕಣ್ಣಲ್ಲಿ ನೋಡಿಲ್ಲ."

ಟೀಚರ ಕಣ್ಣು ತುಂಬಿತು. ಅನುವಾದಿಸುವುದನ್ನು ಬಿಟ್ಟು ಬಂದು ಪಕ್ಕದಲ್ಲಿ ಕೂತರು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆ ಒರೆಸಿದರು. ಒರೆಸುತ್ತಿದ್ದ ಹೆಬ್ಬೆರಳು ನಿಂತಿತು. ಅವಳ ಗಲ್ಲವನ್ನು ಮೆಲ್ಲಗೆ ದೀಪದ ಕಡೆ ಎತ್ತಿ, ಕೊರಳಿನ ಭೂತಗನ್ನಡಿಯನ್ನು ಅವಳ ಮೂಗಿನ ಮುಂದೆ ಹಿಡಿದರು. ಎರಡು ಗಾಜುಗಳನ್ನು ಕೂಡಿಸುವ ಕನ್ನಡಕದ ನಡುಗಂಬಿಯ ಹೊರಮೈಯಲ್ಲಿ, ಸಾಸಿವೆಗಿಂತ ಸಣ್ಣದಾದ ಎರಡು ನೇರಳೆ ಕಾಳುಗಳು ಜೋಡಿಯಾಗಿ ನಿಂತಿದ್ದವು. "ಈ ಹೂವು ಪರಾಗಾನ ಗಾಳಿಗೆ ತೂರಲ್ಲ ಕಣಮ್ಮ" ಅಂದರು ಟೀಚರ್, ಪಾಠ ಹೇಳುವ ದನಿಯಲ್ಲಿ, ಆದರೆ ಆ ದನಿ ಒಡೆದಿತ್ತು. "ಎರಡು ಗಂಟು ಕಟ್ಟಿಟ್ಕೊಂಡಿರುತ್ತೆ. ಬಾಯಿ ಹತ್ರ ಮುಖ ತಂದ ದುಂಬಿಯ ಹಣೆಗೆ ಅಂಟಿಸಿ ಕಳಿಸುತ್ತೆ. ನೀರು ಹಾಕಿದ್ರೂ ಬಿಡಲ್ಲ. ಈ ಬಣ್ಣ ಆ ಜಾತಿದು ಮಾತ್ರ. ನಿನ್ನೆವರೆಗೂ ಅದು ಮೊಗ್ಗಾಗಿತ್ತಲ್ಲಮ್ಮ." ಅಧಿಕಾರಿ ಏನೋ ಕೇಳಿದ. ಟೀಚರ್ ಅವಳ ಕನ್ನಡಕವನ್ನು ಎರಡೂ ಕಿವಿಗಳಿಂದ ನಾಜೂಕಾಗಿ ಬಿಡಿಸಿ ತೆಗೆದರು. ಮಂಜಾದ ಆ ಕೋಣೆಯಲ್ಲಿ, ತನಗೆ ಒಂದಕ್ಷರವೂ ಅರ್ಥವಾಗದ ಭಾಷೆಯಲ್ಲಿ ಅವರು ನಿಧಾನವಾಗಿ ಹೇಳತೊಡಗಿದ್ದು ಅವಳಿಗೆ ಕೇಳಿಸುತ್ತಿತ್ತು.