ಕಿಟಕಿ ಮುಚ್ಚಿದ ಗುರುವಾರ

"ಕಿಟಕಿ ಮುಚ್ಚೇ ಜಿಪಾರ್! ಈ ಘಾಟು ಬೀದಿಗೆ ಹೋದ್ರೆ ಪೊಲೀಸರು ಮನೆಗೇ ಬರ್ತಾರೆ" ಎಂದು ಸೋದರತ್ತೆ ತಾಜಿಗುಲ್ ಪಿಸುಗುಟ್ಟಿದಳು.

ಜಿಪಾರ್ ಕಿಟಕಿ ಮುಚ್ಚಿದಳು. ಅತ್ತೆ ಕಪ್ಪು ಸೀಸೆ ಬಗ್ಗಿಸಿ ಅಜ್ಜಿಯ ನಾಲಿಗೆಯ ಕೆಳಗೆ ಆರು ಹನಿ ಬಿಟ್ಟಳು. ಬೇಲಿಯಾಚೆ ತಾನಾಗಿ ಬೆಳೆದ ಗಾಂಜಾ ಗಿಡದಿಂದ ಅವಳೇ ತೆಗೆದ ಎಣ್ಣೆ.

"ಮೊನ್ನೆ ಮೂರೇ ಹನಿ ಇತ್ತಲ್ಲ ಅತ್ತೆ?"

"ನೀನೇನು ಡಾಕ್ಟರಾ? ನಾನು ವಿಡಿಯೋ ನೋಡಿದೀನಿ. ಒಬ್ಬಳಿಗೆ ಕ್ಯಾನ್ಸ..." ಅತ್ತೆ ನಾಲಿಗೆ ಕಚ್ಚಿಕೊಂಡಳು. ಅಜ್ಜಿಯ ಮುಂದೆ ಆ ಮಾತು ಆಡುವಂತಿರಲಿಲ್ಲ. ಕುತ್ತಿಗೆಯ ಗಂಟು ಬರೀ ಶೀತದ ಬಾವು ಎಂದು ಅಜ್ಜಿಗೆ ಹೇಳಿದ್ದರು. "ಅವಳ ಗಂಟು ಬೆಣ್ಣೆ ಹಾಗೆ ಕರಗಿತಂತೆ. ಸೋಮವಾರ ಆಸ್ಪತ್ರೆ ಬೇಡ ಅಂತ ನಿಮ್ಮಪ್ಪನಿಗೂ ಹೇಳಿದೀನಿ."

ಇನ್ನು ತಡ ಮಾಡಿದರೆ ಕೈಮೀರುತ್ತದೆ ಎಂದು ಬಿಷ್ಕೆಕ್‌ನ ಡಾಕ್ಟರು ಅಪ್ಪನಿಗೆ ಹೇಳಿದ್ದನ್ನು ಜಿಪಾರ್ ಕೇಳಿಸಿಕೊಂಡಿದ್ದಳು.

ಅಂದು ಗುರುವಾರ. ಸಂಜೆ ಸತ್ತವರಿಗಾಗಿ ಬೋರ್ಸೋಕ್ ಕರಿಯಲೇಬೇಕು. ಸತ್ತವರು ಅದನ್ನು ತಿನ್ನುವುದಿಲ್ಲ, ಕರಿದ ವಾಸನೆಯಲ್ಲೇ ಅವರ ಹೊಟ್ಟೆ ತುಂಬುತ್ತದೆ. ಜಿಪಾರ್ ಹಿಟ್ಟಿನ ತುಂಡುಗಳನ್ನು ಬಾಣಲೆಗೆ ಬಿಟ್ಟಳು. ಹೊಗೆ ಹೊರಗೆ ಹೋಗಲಾರದೆ ಸೂರಿನಡಿ ಸುತ್ತತೊಡಗಿತು.

ಹೋದ ವರ್ಷ ತೀರಿಕೊಂಡ ಅಜ್ಜ ಈಗ ಎಲ್ಲಿ ನಿಂತು ವಾಸನೆ ನೋಡುತ್ತಾನೆ? ಕಿಟಕಿಯ ಕಡೆ ತಿರುಗಲು ಅವಳಿಗೆ ಧೈರ್ಯ ಬರಲಿಲ್ಲ.

"ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದಳು ಅಜ್ಜಿ. ಎದುರಿಗಿದ್ದದ್ದು ನೆಲದ ಮೇಲಿನ ಖಾಲಿ ದಿಂಬು.

"ಯಾರಜ್ಜಿ ಅಲ್ಲಿ?"

"ನಿಮ್ಮಜ್ಜ ಕಣೆ. ಕಿಟಕಿ ಮುಚ್ಚಿದ್ರೆ ಪಾಪ ಏನು ಮಾಡ್ತಾರೆ? ಒಳಗೇ ಬಂದ್ರು."

ಜಿಪಾರ್ ಅತ್ತೆಯ ಮುಖ ನೋಡಿದಳು.

"ಎಣ್ಣೆಯ ಅಮಲು ಅಷ್ಟೆ. ಕೆಲಸ ಮಾಡ್ತಿದೆ ಅಂತ ಅರ್ಥ" ಎಂದು ಅತ್ತೆ ನಕ್ಕಳು. ಆದರೆ ಅವಳೂ ಆ ದಿಂಬಿನಿಂದ ದೂರ ಸರಿದಳು.

ಜಿಪಾರ್ ಬಿಸಿ ಬೋರ್ಸೋಕ್ ತಂದು ಹಿಡಿದಳು. "ತಿನ್ನಜ್ಜಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅಜ್ಜಿ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಳು. "ಬೇಡ ಮಗೂ. ವಾಸನೆಯೇ ಸಾಕು. ಹೊಟ್ಟೆ ತುಂಬಿತು."

ಜಿಪಾರ್ ತಟ್ಟೆಯನ್ನು ಅಜ್ಜಿಯ ಮುಂದಿಟ್ಟಳು. ವಾಸನೆ ಯಾರಿಗೆ ಸಾಕಾಗುತ್ತದೆ? ಅವಳು ಓಡಿಹೋಗಿ ಕಿಟಕಿಯನ್ನು ಪಟಾರನೆ ತೆರೆದಳು. ತಣ್ಣನೆ ಗಾಳಿ ನುಗ್ಗಿತು.

"ಹುಚ್ಚು ಹಿಡೀತೇನೇ ನಿಂಗೆ?"

"ಗಂಟು ಕರಗಿಲ್ಲ ಅತ್ತೆ! ದಿನಾ ಅಜ್ಜಿಗೆ ತಲೆವಸ್ತ್ರ ಕಟ್ಟೋಳು ನಾನು. ಮೊದಲು ಕುತ್ತಿಗೆ ಸುತ್ತಿ ಕಟ್ಟಿದ ಮೇಲೂ ತುದಿ ಗೇಣುದ್ದ ಉಳೀತಿತ್ತು. ಈಗ ಕಟ್ಟೋಕೇ ಸಾಲಲ್ಲ. ಅದು ಶೀತ ಅಲ್ಲ ಅಜ್ಜಿ, ಕ್ಯಾನ್ಸರ್!"

ಅತ್ತೆ ಕುಸಿದು ಕೂತಳು. "ಆಸ್ಪತ್ರೆಗೆ ಹೋದೋರು ನಮ್ಮಪ್ಪ ವಾಪಸ್ ಬರಲಿಲ್ಲ ಕಣೆ. ಅಮ್ಮನೂ ಹಾಗೇ ಆದ್ರೆ?" ಎಂದು ಅತ್ತಳು.

ಅಜ್ಜಿ ಕಣ್ಣು ತೆರೆದಳು. "ನನ್ನ ಕುತ್ತಿಗೆ ನನಗೆ ಗೊತ್ತಿಲ್ವೇನೇ? ಎಲ್ಲರೂ ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರಿ. ಪಾಪ ಅಂತ ಸುಮ್ನಿದ್ದೆ. ನಿನ್ನೆಣ್ಣೆ ನಿದ್ದೆ ಕೊಡ್ತು ತಾಜಿಗುಲ್. ಅಷ್ಟು ಸಾಕು."

ಆಮೇಲೆ ಅವಳು ದಿಂಬಿನ ಕಡೆ ತಿರುಗಿದಳು. "ನೀವಿನ್ನು ಹೊರಡಿ. ಸೋಮವಾರ ನಂಗೆ ಕೆಲಸ ಇದೆ."

ಯಾರೋ ಕೂತಂತೆ ದಿಂಬಿನ ನಡುವೆ ಇದ್ದ ತಗ್ಗು ಮೆಲ್ಲಗೆ ಮೇಲೆದ್ದಿತು. ಗಾಳಿಗೂ ಇರಬಹುದು.

ಅಜ್ಜಿ ಬೋರ್ಸೋಕ್ ಮುರಿದು ಬಾಯಿಗಿಟ್ಟಳು. ತುಂಬಾ ಹೊತ್ತು ಅಗಿದಳು. ಅದು ಗಂಟಲಲ್ಲಿ ಇಳಿಯುವವರೆಗೂ ಜಿಪಾರ್ ಉಸಿರು ಬಿಡಲಿಲ್ಲ. ಕರಿದ ವಾಸನೆ ಅವಳ ಹಿಂದಿನ ಕಿಟಕಿಯಿಂದ ತನ್ನ ಪಾಡಿಗೆ ಹೊರಗೆ ಹೋಗುತ್ತಿತ್ತು. ಅವಳು ಇನ್ನೊಂದು ತುಂಡು ಮುರಿದು ಅಜ್ಜಿಯ ಕೈಗಿಟ್ಟಳು.